ರಾಗಿ ಆರ್‌ಎನ್‌ಎ-ಸೀಕ್: ಒಂದೊಂದು ಟೂಲೂ ಸರಿಯಾಗಿ ಓಡುತ್ತದೆ, ಒಟ್ಟಿಗೆ ಜೋಡಿಸಿದರೆ ಎಣಿಕೆ ಎಲ್ಲಾ ಸೊನ್ನೆ

ರಾಗಿ_ತೆನೆ

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್‌ಡಿ ರಾಗಿಯಲ್ಲಿ ಬರ ತಡೆಯುವ ಗುಣದ ಮೇಲೆ. ಎರಡು ತಳಿ ಬೆಳೆಸಿ, ಅರ್ಧ ಕುಂಡಗಳಿಗೆ ನೀರು ನಿಲ್ಲಿಸಿ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು (ಅದೇ ಆರ್‌ಎನ್‌ಎ-ಸೀಕ್) ಬೇರಿನಿಂದ ಆರ್‌ಎನ್‌ಎ ತೆಗೆದು ಇಲ್ಯೂಮಿನಾದಲ್ಲಿ ಸೀಕ್ವೆನ್ಸ್ ಮಾಡಿಸಿದ್ದೇವೆ. ಹನ್ನೆರಡು ಸ್ಯಾಂಪಲ್, ಪೇರ್ಡ್-ಎಂಡ್ ಡೇಟಾ (ಪ್ರತಿ ತುಣುಕನ್ನೂ ಎರಡು ತುದಿಯಿಂದ ಓದಿದ್ದು).

ಫಾಸ್ಟ್‌ಕ್ಯೂಸಿಯಲ್ಲಿ ಗುಣಮಟ್ಟ ನೋಡಿದೆ, ಫಾಸ್ಟ್‌ಪಿಯಲ್ಲಿ ಅಡಾಪ್ಟರ್ ಕತ್ತರಿಸಿದೆ, ಹೈಸ್ಯಾಟ್2ರಲ್ಲಿ ಜೀನೋಮ್‌ಗೆ ಹೊಂದಿಸಿದೆ, ಸ್ಯಾಮ್‌ಟೂಲ್ಸ್‌ನಲ್ಲಿ ಸಾರ್ಟ್ ಮಾಡಿದೆ, ಫೀಚರ್‌ಕೌಂಟ್ಸ್‌ನಲ್ಲಿ ಎಣಿಸಿದೆ. ಮುಂದೆ ಆರ್ ಭಾಷೆಯಲ್ಲಿ, ಜೀನ್‌ಗಳ ವ್ಯತ್ಯಾಸ ಲೆಕ್ಕ ಹಾಕುವ ಡಿಇಸೀಕ್2ಗೆ ಹಾಕಬೇಕು. ಎಲ್ಲೂ ಎರರ್ ಬಂದಿಲ್ಲ. ಹೈಸ್ಯಾಟ್2 ಪ್ರಕಾರ ಬಹುಪಾಲು ರೀಡ್‌ಗಳು (ಯಂತ್ರ ಓದಿಕೊಟ್ಟ ಚಿಕ್ಕ ಸೀಕ್ವೆನ್ಸ್‌ಗಳು) ಜೀನೋಮ್ ಮೇಲೆ ಕೂತಿವೆ. ಆದರೆ ಫೀಚರ್‌ಕೌಂಟ್ಸ್ ಕೊಟ್ಟ ಟೇಬಲ್ ತೆರೆದರೆ ಪ್ರತಿ ಜೀನ್ ಮುಂದೆಯೂ ಸೊನ್ನೆ. ಸಾರಾಂಶದ ಫೈಲ್‌ನಲ್ಲಿ ಹೊಂದಿಕೆಯಾದ ರೀಡ್‌ಗಳೆಲ್ಲ 'ನೋ ಫೀಚರ್ಸ್' ಎಂಬ ಸಾಲಿಗೆ ಹೋಗಿ ಬಿದ್ದಿವೆ.

ಜೀನೋಮ್ ಫೈಲ್ ಒಂದು ಡೇಟಾಬೇಸ್‌ನಿಂದ ತಂದದ್ದು, ಜೀನ್‌ಗಳ ಅನೋಟೇಶನ್ (ಯಾವ ಜೀನ್ ಎಲ್ಲಿದೆ ಎಂಬ ಪಟ್ಟಿ) ಇನ್ನೊಂದರಿಂದ. ಎರಡೂ ಒಂದೇ ಅಸೆಂಬ್ಲಿಯವು, ಅಂದರೆ ಜೋಡಿಸಿದ ಜೀನೋಮ್‌ನ ಒಂದೇ ಆವೃತ್ತಿಯವು.

ಎರಡು ಪ್ರಶ್ನೆ. ಇದು ಎಲ್ಲಿ ಕೆಡುತ್ತಿದೆ? ಮತ್ತೆ, ಈ ಟೂಲ್‌ಗಳನ್ನೆಲ್ಲ ಒಂದಕ್ಕೊಂದು ಜೋಡಿಸುವುದಕ್ಕೆ ನೀವೆಲ್ಲ ಏನು ಮಾಡುತ್ತೀರಿ? ಬಯಾಲಜಿ ಯೋಚನೆ ಮಾಡುವುದು ಬಿಟ್ಟು ದಿನವೆಲ್ಲ ಫೈಲ್ ಫಾರ್ಮ್ಯಾಟ್ ಬದಲಾಯಿಸುವುದರಲ್ಲೇ ಹೋಗುತ್ತಿದೆ.

ಕಪ್ಪು_ಪರದೆ

ರೀಡ್‌ಗಳು ಎಲ್ಲೆಲ್ಲಿ ಕೂತಿವೆ ಎಂದು ದಾಖಲಾಗಿರುವ ಬ್ಯಾಮ್ ಫೈಲ್‌ನ ಹೆಡರ್‌ನಲ್ಲಿ ಮೊದಲ ನಾಲ್ಕು ಸಾಲು, ಅನೋಟೇಶನ್ ಫೈಲ್‌ನ ಮೊದಲ ಕಾಲಂ. ಎರಡನ್ನೂ ಇಲ್ಲಿ ಹಾಕಿ. ಬೇರೆ ಏನೂ ಬೇಡ.

ರಾಗಿ_ತೆನೆ

ಬ್ಯಾಮ್ ಹೆಡರ್‌ನಲ್ಲಿ ವರ್ಣತಂತುಗಳಿಗೆ ಉದ್ದನೆಯ ಅಕ್ಸೆಶನ್ ನಂಬರ್ (ಡೇಟಾಬೇಸ್ ಕೊಟ್ಟ ಗುರುತು) ಇದೆ, ಕೊನೆಯಲ್ಲಿ '.1'. ಅನೋಟೇಶನ್‌ನಲ್ಲಿ ಸುಮ್ನೆ 1ಎ, 1ಬಿ, 2ಎ, 2ಬಿ ಅಂತ ಇದೆ. ಓಹ್. ಇದೇನಾ?

ಕಪ್ಪು_ಪರದೆ

ಇದೇ. ಫೀಚರ್‌ಕೌಂಟ್ಸ್‌ಗೆ ವರ್ಣತಂತು ಎಂದರೆ ಬರೀ ಅಕ್ಷರಗಳ ಸಾಲು. ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಆ ರೀಡ್ ಯಾವ ಜೀನ್ ಮೇಲೂ ಬೀಳಲಿಲ್ಲ ಎಂದೇ ಲೆಕ್ಕ. ಅದರ ದೃಷ್ಟಿಯಲ್ಲಿ ಅದು ತಪ್ಪಲ್ಲ, ಆದ್ದರಿಂದ ಎರರ್ ಕೊಡುವುದಿಲ್ಲ.

ಮನುಷ್ಯನ ಜೀನೋಮ್‌ನಲ್ಲೂ ಇದೇ ಕಥೆ, ಮೂರು ಡೇಟಾಬೇಸ್‌ಗಳಲ್ಲಿ ಮೂರು ಹೆಸರು. ಒಂದನೇ ವರ್ಣತಂತುವಿಗೆ ಯುಸಿಎಸ್‌ಸಿಯವರು 'ಸಿಎಚ್‌ಆರ್1' ಎನ್ನುತ್ತಾರೆ, ಎನ್‌ಸೆಂಬಲ್‌ನವರು ಬರೀ '1', ಎನ್‌ಸಿಬಿಐನವರು 'ಎನ್‌ಸಿ_000001.11'. ಮೂರೂ ಒಂದೇ ಡಿಎನ್‌ಎ.

ಪರಿಹಾರ ಸುಲಭ. ಫೀಚರ್‌ಕೌಂಟ್ಸ್‌ನಲ್ಲೇ ಅಡ್ಡಹೆಸರಿನ ಫೈಲ್ ಕೊಡುವ ಆಯ್ಕೆ ಇದೆ, ದೊಡ್ಡಕ್ಷರದ ಎ. ಎರಡು ಕಾಲಂ, ನಡುವೆ ಅಲ್ಪವಿರಾಮ. ಮೊದಲನೆಯದು ಅನೋಟೇಶನ್‌ನ ಹೆಸರು, ಎರಡನೆಯದು ಬ್ಯಾಮ್‌ನ ಹೆಸರು. ಯಾವ ಅಕ್ಸೆಶನ್ ಯಾವ ವರ್ಣತಂತು ಎನ್ನುವುದನ್ನು ಊಹೆ ಮಾಡಬೇಡಿ. ಎನ್‌ಸಿಬಿಐನಲ್ಲಿ ಪ್ರತಿ ಅಸೆಂಬ್ಲಿ ಜೊತೆಗೂ 'ಅಸೆಂಬ್ಲಿ ರಿಪೋರ್ಟ್' ಅಂತ ಒಂದು ಪಠ್ಯ ಫೈಲ್ ಇರುತ್ತದೆ. ಎರಡು ಬಗೆಯ ಹೆಸರೂ ಅದರಲ್ಲಿ ಅಕ್ಕಪಕ್ಕ ಇವೆ.

ಮಲೆನಾಡ_ಜೀವಿ

ಹೆಸರು ಹೊಂದಿಸಿದರೆ ಮುಗಿಯಲಿಲ್ಲ. ಉದ್ದವನ್ನೂ ಹೋಲಿಸಿ ನೋಡಿ. ಬ್ಯಾಮ್ ಹೆಡರ್‌ನಲ್ಲಿ ಪ್ರತಿ ವರ್ಣತಂತುವಿನ ಉದ್ದ ಇರುತ್ತದೆ. ಮನುಷ್ಯನ ಜೀನೋಮ್‌ನ ಹಳೇ ಆವೃತ್ತಿಯಾದ ಯುಸಿಎಸ್‌ಸಿಯ ಎಚ್‌ಜಿ19ರಲ್ಲಿ ಮೈಟೊಕಾಂಡ್ರಿಯಾದ ಸೀಕ್ವೆನ್ಸ್ 16,571 ಬೇಸ್. ಉಳಿದವರೆಲ್ಲ ಬಳಸುವ ಕೇಂಬ್ರಿಡ್ಜ್ ರೆಫರೆನ್ಸ್ 16,569. ಬರೀ ಹೆಸರು ಬದಲಾಯಿಸಿದವರಿಗೆ ಮೈಟೊಕಾಂಡ್ರಿಯಾದ ಮ್ಯುಟೇಶನ್‌ಗಳೆಲ್ಲ ಒಂದೆರಡು ಸ್ಥಾನ ಆಚೀಚೆ ತೋರಿಸಿದವು. ಒಂದೇ ಅಸೆಂಬ್ಲಿ ಅಂತ ವೆಬ್‌ಸೈಟ್ ಹೇಳಿದರೆ ಸಾಲದು, ಉದ್ದ ಹೊಂದಲೇಬೇಕು.

ಸೊನ್ನೆಯಿಂದ_ಎಣಿಸು

ಸ್ಥಾನದ ಮಾತು ಬಂತಲ್ಲ, ಇದನ್ನೂ ತಿಳಿದುಕೊಂಡಿರಿ. ಜಿಎಫ್‌ಎಫ್, ಜಿಟಿಎಫ್ (ಅನೋಟೇಶನ್ ಫೈಲ್‌ಗಳು), ವಿಸಿಎಫ್ (ಮ್ಯುಟೇಶನ್ ಪಟ್ಟಿ) ಇವೆಲ್ಲ 1ರಿಂದ ಎಣಿಸುತ್ತವೆ. ಜೀನೋಮ್‌ನ ಭಾಗಗಳ ಸ್ಥಾನ ಬರೆಯುವ ಬೆಡ್ ಫೈಲ್ 0ಯಿಂದ ಎಣಿಸುತ್ತದೆ, ಕೊನೆಯ ಸ್ಥಾನವನ್ನು ಸೇರಿಸುವುದೂ ಇಲ್ಲ. ಮೊದಲ ನೂರು ಬೇಸ್ ಎಂದರೆ ಜಿಎಫ್‌ಎಫ್‌ನಲ್ಲಿ 1–100, ಬೆಡ್‌ನಲ್ಲಿ 0–100.

ಜಿಎಫ್‌ಎಫ್‌ನ ಎರಡು ಕಾಲಂ ಹಾಗೇ ಎತ್ತಿ ಬೆಡ್ ಅಂತ ಉಳಿಸಿ ಬೆಡ್‌ಟೂಲ್ಸ್‌ನಲ್ಲಿ ಸೀಕ್ವೆನ್ಸ್ ತೆಗೆದರೆ ಪ್ರತಿಯೊಂದರಲ್ಲೂ ಮೊದಲ ಬೇಸ್ ಹಾರಿಹೋಗುತ್ತದೆ. ಎಟಿಜಿಯಿಂದ ಶುರುವಾಗಬೇಕಾದ ಕೋಡಿಂಗ್ ಭಾಗ ಟಿಜಿಯಿಂದ ಶುರುವಾಗುತ್ತದೆ. ಪ್ರೋಟೀನ್‌ಗೆ ಅನುವಾದಿಸಿದರೆ ಎಲ್ಲಾ ಅಡ್ಡಾದಿಡ್ಡಿ.

ಕಪ್ಪು_ಪರದೆ

ನಿಜ, ಆದರೆ ಅವರ ಈ ಸಮಸ್ಯೆಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಬೇಸ್ ಆಚೀಚೆ ಆದರೆ ಎಣಿಕೆ ಸೊನ್ನೆ ಆಗುವುದಿಲ್ಲ.

ಸೊನ್ನೆಯಿಂದ_ಎಣಿಸು

ಎರಡನೇ ಪ್ರಶ್ನೆಗೆ ಸಂಬಂಧ ಇದೆಯಲ್ಲ. ಜೋಡಿಸುವುದು ಹೇಗೆ ಅಂತ ಕೇಳಿದ್ದಾರೆ. ಜೋಡಣೆ ಕೆಡುವುದೇ ಇಂಥ ಕಡೆ.

ರಾಗಿ_ತೆನೆ

ತುಂಬಾ ಥ್ಯಾಂಕ್ಸ್. ಅಸೆಂಬ್ಲಿ ರಿಪೋರ್ಟ್ ಸಿಕ್ಕಿತು, ಉದ್ದಗಳು ಹೊಂದಿದವು, ಅಡ್ಡಹೆಸರಿನ ಫೈಲ್ ಮಾಡಿ ಓಡಿಸಿದೆ. ಎಣಿಕೆ ಬಂತು! ಆದರೆ ಜೀನ್‌ಗಳಿಗೆ ಸೇರಿದ ರೀಡ್‌ಗಳು ಅರ್ಧಕ್ಕಿಂತ ಕಡಿಮೆ. 'ಮಲ್ಟಿ-ಮ್ಯಾಪಿಂಗ್' (ಒಂದಕ್ಕಿಂತ ಹೆಚ್ಚು ಕಡೆ ಕೂತ ರೀಡ್‌ಗಳು) ಸಾಲಿನಲ್ಲಿ ದೊಡ್ಡ ಸಂಖ್ಯೆ ಇದೆ. ಸ್ನೇಹಿತೆಯೊಬ್ಬಳು ಇದೇ ಬ್ಯಾಮ್ ಫೈಲನ್ನು ಎಚ್‌ಟಿಸೀಕ್‌ನಲ್ಲಿ ಎಣಿಸಿ ಕೊಟ್ಟಳು. ಅದರಲ್ಲಿ ಇನ್ನೂ ಕಡಿಮೆ ಬಂದಿದೆ. ಯಾವುದನ್ನು ನಂಬಬೇಕು?

ಬದುವಿನ_ಹುಲ್ಲು

ಎರಡು ಬೇರೆ ಬೇರೆ ವಿಷಯ ಇಲ್ಲಿ ಸೇರಿಕೊಂಡಿವೆ.

ಮೊದಲು ಸ್ಟ್ರಾಂಡ್, ಅಂದರೆ ರೀಡ್ ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದರದ್ದು ಎನ್ನುವುದು. ಏನೂ ಹೇಳದಿದ್ದರೆ ಎಚ್‌ಟಿಸೀಕ್ ನಿಮ್ಮ ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ಸಿದ್ಧ ಮಾಡಿದ ಸ್ಯಾಂಪಲ್) ಸ್ಟ್ರಾಂಡೆಡ್, ಅಂದರೆ ಎಳೆಯ ಗುರುತು ಉಳಿಸಿಕೊಂಡದ್ದು ಎಂದುಕೊಳ್ಳುತ್ತದೆ. ಫೀಚರ್‌ಕೌಂಟ್ಸ್ ಆದರೋ ಸ್ಟ್ರಾಂಡೆಡ್ ಅಲ್ಲ ಎಂದುಕೊಳ್ಳುತ್ತದೆ. ಸ್ಟ್ರಾಂಡೆಡ್ ಅಲ್ಲದ ಲೈಬ್ರರಿಯನ್ನು ಎಚ್‌ಟಿಸೀಕ್‌ಗೆ ಹಾಗೇ ಕೊಟ್ಟರೆ ಸುಮಾರು ಅರ್ಧ ರೀಡ್‌ಗಳು ಎಣಿಕೆಗೆ ಸಿಗುವುದಿಲ್ಲ. ಡಿಯುಟಿಪಿ ವಿಧಾನದ ಕಿಟ್ ಆಗಿದ್ದರೆ ದಿಕ್ಕೇ ಉಲ್ಟಾ, ಫೀಚರ್‌ಕೌಂಟ್ಸ್‌ನಲ್ಲಿ ಸ್ಟ್ರಾಂಡ್ ಆಯ್ಕೆಗೆ 2 ಅಂತ ಕೊಡಬೇಕು. ಸೀಕ್ವೆನ್ಸಿಂಗ್ ಮಾಡಿಕೊಟ್ಟವರಿಗೆ ಕಿಟ್ ಹೆಸರು ಕೇಳಿ. ಅವರು ಹೇಳದಿದ್ದರೆ ಆರ್‌ಸೀಕ್ಯೂಸಿಯಲ್ಲಿ 'ಇನ್ಫರ್ ಎಕ್ಸ್‌ಪೆರಿಮೆಂಟ್' ಎಂಬ ಸ್ಕ್ರಿಪ್ಟ್ ಇದೆ, ಡೇಟಾ ನೋಡಿಯೇ ಹೇಳುತ್ತದೆ.

ಎರಡನೆಯದು ರಾಗಿಯದ್ದೇ ಗುಣ. ರಾಗಿಯಲ್ಲಿ ಎ ಮತ್ತು ಬಿ ಅಂತ ಎರಡು ಉಪಜೀನೋಮ್, ಒಟ್ಟು 36 ವರ್ಣತಂತು. ಎಷ್ಟೋ ಜೀನ್‌ಗಳಿಗೆ ಎರಡೂ ಕಡೆ ಹತ್ತಿರದ ಜೋಡಿ ಇರುತ್ತದೆ. ಒಂದು ರೀಡ್ ಎರಡೂ ಕಡೆ ಕೂತರೆ ಫೀಚರ್‌ಕೌಂಟ್ಸ್ ಅದನ್ನು ಬಿಟ್ಟುಬಿಡುತ್ತದೆ, ಹಾಗೆ ಬಿಡುವುದೇ ಅದರ ಮಾಮೂಲಿ ಕ್ರಮ. ಉಪಜೀನೋಮ್‌ಗಳಿಲ್ಲದ ಡಿಪ್ಲಾಯ್ಡ್ ಜೀವಿಗಳಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ರಾಗಿ, ಗೋಧಿ, ಹತ್ತಿ ಮಾಡುವವರಿಗೆ ನಷ್ಟ ಜಾಸ್ತಿ. ಸ್ಯಾಲ್ಮನ್ ಬಳಸಿ ನೋಡಿ. ಅದು ಇಂಥ ರೀಡ್‌ಗಳನ್ನು ಎಸೆಯುವುದಿಲ್ಲ, ಸಾಧ್ಯತೆಯ ಲೆಕ್ಕದಲ್ಲಿ ಹಂಚುತ್ತದೆ. ಆಮೇಲೆ ಟಿಎಕ್ಸ್‌ಇಂಪೋರ್ಟ್ ಮೂಲಕ ಡಿಇಸೀಕ್2ಗೆ ತರಬಹುದು.

ಮಲೆನಾಡ_ಜೀವಿ

ಸ್ಯಾಲ್ಮನ್‌ಗೆ ಹೋದರೆ ಟ್ರಾನ್ಸ್‌ಕ್ರಿಪ್ಟ್ (ಜೀನ್‌ನಿಂದ ಬರುವ ಆರ್‌ಎನ್‌ಎ ಪ್ರತಿ) ಐಡಿ ನೋಡಿಕೊಳ್ಳಿ. ಒಂದು ಕಡೆ ಐಡಿ ಕೊನೆಯಲ್ಲಿ ಚುಕ್ಕಿ 2 ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಟಿಎಕ್ಸ್‌ಇಂಪೋರ್ಟ್‌ನಲ್ಲಿ ಆವೃತ್ತಿ ಸಂಖ್ಯೆ ಕಡೆಗಣಿಸುವ ಆಯ್ಕೆ ಇದೆ. ಆದರೆ ಗಿಡಗಳ ಅನೋಟೇಶನ್‌ನಲ್ಲಿ ಅದನ್ನು ಬಳಸುವಾಗ ಹುಷಾರು. ಎಷ್ಟೋ ಕಡೆ ಚುಕ್ಕಿ ನಂತರದ ಅಂಕೆ ಆವೃತ್ತಿ ಅಲ್ಲ, ಅದೇ ಜೀನ್‌ನ ಎರಡನೇ ಟ್ರಾನ್ಸ್‌ಕ್ರಿಪ್ಟ್.

ಕಪ್ಪು_ಪರದೆ

ಫೀಚರ್‌ಕೌಂಟ್ಸ್‌ನ ಆವೃತ್ತಿ ಎಷ್ಟು? 2.0.2ರಿಂದ ಪೇರ್ಡ್-ಎಂಡ್ ಆಯ್ಕೆಯ ಅರ್ಥ ಬದಲಾಗಿದೆ. ಮೊದಲು ಚಿಕ್ಕಕ್ಷರದ ಪಿ ಹಾಕಿದರೆ ಜೋಡಿಗೆ ಒಂದು ಎಣಿಕೆ. ಈಗ ಪಿ ಎಂದರೆ 'ಡೇಟಾ ಜೋಡಿಯದ್ದು' ಎಂದು ತಿಳಿಸುವುದು ಮಾತ್ರ. ಜೋಡಿಯಾಗಿ ಎಣಿಸು ಎನ್ನುವುದಕ್ಕೆ 'ಕೌಂಟ್ ರೀಡ್ ಪೇರ್ಸ್' ಎಂದು ಬೇರೆಯಾಗಿ ಬರೆಯಬೇಕು. ಹಳೇ ಕಮಾಂಡ್ ಹೊಸ ಆವೃತ್ತಿಯಲ್ಲೂ ಓಡುತ್ತದೆ, ಆದರೆ ಎರಡು ತುದಿಗಳನ್ನೂ ಬೇರೆ ಬೇರೆ ಎಣಿಸುತ್ತದೆ. ಒಂದು ಲ್ಯಾಬ್‌ನಲ್ಲಿ ಅರ್ಧ ಸ್ಯಾಂಪಲ್ ಹಳೇ ಸರ್ವರ್‌ನಲ್ಲಿ, ಅರ್ಧ ಹೊಸದರಲ್ಲಿ ಓಡಿಸಿ ಟೇಬಲ್‌ಗಳನ್ನು ಜೋಡಿಸಿಬಿಟ್ಟಿದ್ದರು. ಲೈಬ್ರರಿ ಗಾತ್ರದ ಪಟ್ಟಿ ನೋಡಿದ ಮೇಲೆ ಗೊತ್ತಾಯಿತು.

ಪೈಪ್‌ಲೈನ್_ಪ್ರಿಯ

ಇದಕ್ಕೇ ನಾನು ಹೇಳುವುದು, ಕೈಯಲ್ಲಿ ಒಂದೊಂದೇ ಕಮಾಂಡ್ ಓಡಿಸುವುದನ್ನು ಬಿಡಿ. ಹಂತಗಳನ್ನು ಜೋಡಿಸಿ ಓಡಿಸುವ ನೆಕ್ಸ್ಟ್‌ಫ್ಲೋ ಕಲಿಯಿರಿ. ಅದರ ಪೈಪ್‌ಲೈನ್‌ಗಳ ಸಂಗ್ರಹವಾದ ಎನ್‌ಎಫ್-ಕೋರ್‌ನಲ್ಲಿ ಆರ್‌ಎನ್‌ಎ-ಸೀಕ್ ಪೈಪ್‌ಲೈನ್ ಸಿದ್ಧವಾಗಿ ಇದೆ. ಜೀನೋಮ್, ಅನೋಟೇಶನ್, ಸ್ಯಾಂಪಲ್ ಪಟ್ಟಿ ಕೊಟ್ಟರೆ ಸಾಕು, ಟ್ರಿಮ್ಮಿಂಗ್‌ನಿಂದ ಎಣಿಕೆಯವರೆಗೆ ಅದೇ ಮಾಡುತ್ತದೆ. ಪ್ರತಿ ಹಂತದ ಟೂಲ್ ತನ್ನದೇ ಕಂಟೇನರ್‌ನಲ್ಲಿ (ಬೇಕಾದ ಸಾಫ್ಟ್‌ವೇರ್ ಎಲ್ಲಾ ಒಳಗೇ ಇರುವ ಪೆಟ್ಟಿಗೆ) ಓಡುತ್ತದೆ, ಆವೃತ್ತಿ ದಾಖಲಾಗುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ 'ರೆಸ್ಯೂಮ್' ಕೊಟ್ಟು ನಿಂತಲ್ಲಿಂದ ಮುಂದುವರಿಸಬಹುದು.

ಕಪ್ಪು_ಪರದೆ

ಇದನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ಸ್ಯಾಂಪಲ್ ಇರುವ ವಿದ್ಯಾರ್ಥಿಗೆ ನೆಕ್ಸ್ಟ್‌ಫ್ಲೋ, ಗ್ರೂವಿ, ಕಂಟೇನರ್, ಕಾನ್ಫಿಗ್ ಇಷ್ಟೂ ಮೊದಲೇ ಕಲಿ ಅಂದರೆ ಮೂಲ ಕೆಲಸ ಹಿಂದೆ ಬೀಳುತ್ತದೆ. ಕಮಾಂಡ್‌ಗಳನ್ನು ಸಾಲಾಗಿ ಬರೆದ ಒಂದು ಬ್ಯಾಶ್ ಸ್ಕ್ರಿಪ್ಟ್ ಸಾಕು. ಆದರೆ ಮೇಲಿನ ಸಾಲಿನಲ್ಲಿ 'ಪೈಪ್‌ಫೇಲ್' ಇರಲೇಬೇಕು. ಅದಿಲ್ಲದೆ ಹೈಸ್ಯಾಟ್2ರ ಔಟ್‌ಪುಟ್ ಅನ್ನು ಪೈಪ್‌ನಲ್ಲಿ ಸ್ಯಾಮ್‌ಟೂಲ್ಸ್‌ಗೆ ಕೊಟ್ಟರೆ, ಮೆಮೊರಿ ಸಾಲದೆ ಹೈಸ್ಯಾಟ್2 ಮಧ್ಯದಲ್ಲಿ ಸತ್ತರೂ ಸ್ಯಾಮ್‌ಟೂಲ್ಸ್ ತನಗೆ ಬಂದಷ್ಟನ್ನು ಬರೆದು ಮುಗಿಸುತ್ತದೆ. ಸ್ಕ್ರಿಪ್ಟ್ ಎಲ್ಲಾ ಸರಿ ಎಂದು ಮುಂದೆ ಹೋಗುತ್ತದೆ. ನಿಮ್ಮ ಕೈಗೆ ಸಿಗುವುದು ಅರ್ಧ ಬ್ಯಾಮ್.

ಇನ್ನೊಂದು ಮಾತು, ಆ ಪೈಪ್‌ಲೈನ್‌ಗೆ ಹೆಸರು ಹೊಂದದ ಅನೋಟೇಶನ್ ಕೊಟ್ಟಿದ್ದರೆ ಅದು ಎಲ್ಲಿಂದ ಸರಿ ಮಾಡುತ್ತಿತ್ತು?

ಪೈಪ್‌ಲೈನ್_ಪ್ರಿಯ

ಸರಿ ಮಾಡುತ್ತಿರಲಿಲ್ಲ, ಒಪ್ಪಿದೆ. ಆದರೆ ಮಲ್ಟಿಕ್ಯೂಸಿ ರಿಪೋರ್ಟ್‌ನಲ್ಲಿ ಎಲ್ಲಾ ಸ್ಯಾಂಪಲ್‌ಗಳ ಲೆಕ್ಕ ಒಂದೇ ಪುಟದಲ್ಲಿ ಕಾಣುತ್ತಿತ್ತು. ಮುಂದಿನ ವರ್ಷ ಹನ್ನೆರಡು ಇದ್ದದ್ದು ನೂರಿಪ್ಪತ್ತಾಗುತ್ತದೆ. ಆಗ ಬ್ಯಾಶ್ ಸ್ಕ್ರಿಪ್ಟ್ ಯಾರ ಕೈಗೂ ಹತ್ತುವುದಿಲ್ಲ. ಬರೆದವರು ಲ್ಯಾಬ್ ಬಿಟ್ಟು ಹೋದ ಮೇಲಂತೂ ಮುಗಿಯಿತು.

ಬದುವಿನ_ಹುಲ್ಲು

ನಡುವಿನ ದಾರಿ ಸ್ನೇಕ್‌ಮೇಕ್. 2012ರಿಂದ ಇದೆ, ಪೈಥಾನ್ ಗೊತ್ತಿದ್ದವರಿಗೆ ಬೇಗ ಹತ್ತುತ್ತದೆ. ಯಾವ ಫೈಲ್ ಬೇಕು ಎಂದು ಹೇಳಿದರೆ ಅದಕ್ಕೆ ಏನೇನು ಓಡಿಸಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತದೆ. ಒಂದು ಹಂತ ಬದಲಾದರೆ ಅದರ ಮುಂದಿನವನ್ನು ಮಾತ್ರ ಮತ್ತೆ ಓಡಿಸುತ್ತದೆ.

ಕಪ್ಪು_ಪರದೆ

ಸ್ನೇಕ್‌ಮೇಕ್‌ನ 8ನೇ ಆವೃತ್ತಿಯಲ್ಲಿ ಕ್ಲಸ್ಟರ್‌ಗೆ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು) ಕೆಲಸ ಕಳಿಸುವ ಹಳೇ ಆಯ್ಕೆಯನ್ನು ತೆಗೆದು ಪ್ಲಗಿನ್ ಮಾಡಿದರು. ನೆಕ್ಸ್ಟ್‌ಫ್ಲೋದವರು ತಮ್ಮ ಮೊದಲ ಬರಹದ ಶೈಲಿಗೆ (ಡಿಎಸ್‌ಎಲ್1) ಬೆಂಬಲ ನಿಲ್ಲಿಸಿದರು. ಜೋಡಿಸುವ ಟೂಲ್‌ಗಳೂ ಬದಲಾಗುತ್ತವೆ. ಬ್ಯಾಶ್ ಬದಲಾಗಿಲ್ಲ.

ನಕ್ಷತ್ರ_ಪಥ

ಗ್ಯಾಲಕ್ಸಿ ಯಾಕೆ ಯಾರೂ ಹೇಳುತ್ತಿಲ್ಲ? 2005ರಿಂದ ಇದೆ. ಬ್ರೌಸರ್‌ನಲ್ಲೇ ಕೆಲಸ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಯುರೋಪಿನ ಸರ್ವರ್ ಫ್ರೈಬರ್ಗ್‌ನಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಖಾತೆ ತೆರೆಯಬಹುದು. ಯಾವ ಟೂಲ್, ಯಾವ ಆವೃತ್ತಿ, ಯಾವ ಆಯ್ಕೆ ಎಲ್ಲಾ 'ಹಿಸ್ಟರಿ'ಯಲ್ಲಿ ಉಳಿಯುತ್ತದೆ. ಅದನ್ನೇ ವರ್ಕ್‌ಫ್ಲೋ ಮಾಡಿ ಬೇರೆಯವರಿಗೆ ಕೊಡಬಹುದು. ನಾನು ಎಂಎಸ್‌ಸಿ ವಿದ್ಯಾರ್ಥಿಗಳಿಗೆ ಅದರಲ್ಲೇ ಪಾಠ ಮಾಡುತ್ತೇನೆ. ಟರ್ಮಿನಲ್ ನೋಡಿ ಹೆದರುವ ಮಕ್ಕಳು ಮೊದಲು ವಿಶ್ಲೇಷಣೆ ಏನು ಎಂದು ಅರ್ಥ ಮಾಡಿಕೊಳ್ಳುತ್ತಾರೆ.

ಕಪ್ಪು_ಪರದೆ

ಕಲಿಸುವುದಕ್ಕೆ ಗ್ಯಾಲಕ್ಸಿಗಿಂತ ಒಳ್ಳೆಯದು ನನಗೂ ಗೊತ್ತಿಲ್ಲ. ಹಾಸ್ಟೆಲ್ ವೈಫೈನಲ್ಲಿ ನೂರಾರು ಜಿಬಿ ಫಾಸ್ಟ್‌ಕ್ಯೂ (ಕಚ್ಚಾ ರೀಡ್‌ಗಳ ಫೈಲ್) ಏರಿಸುವುದು ಹೇಗೆ ಎನ್ನುವುದೊಂದೇ ನನ್ನ ಪ್ರಶ್ನೆ.

ನಕ್ಷತ್ರ_ಪಥ

ಸಾರ್ವಜನಿಕ ಡೇಟಾ ಆದರೆ ಅಕ್ಸೆಶನ್ ಕೊಟ್ಟರೆ ಸರ್ವರೇ ಎಸ್‌ಆರ್‌ಎ ಎಂಬ ಸಾರ್ವಜನಿಕ ಸಂಗ್ರಹದಿಂದ ನೇರವಾಗಿ ಇಳಿಸಿಕೊಳ್ಳುತ್ತದೆ. ಸ್ವಂತ ಡೇಟಾಕ್ಕೆ ನೀವು ಹೇಳಿದ ತೊಂದರೆ ಇದ್ದೇ ಇದೆ.

ಮಡಿಚಿದ_ಪ್ರೋಟೀನ್

ನಾನು ಪ್ರೋಟೀನ್ ಸ್ಟ್ರಕ್ಚರ್ ಕಡೆಯವಳು. ಎಲ್ಲರೂ 'ಒಂದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಇದ್ದರೆ ಎಲ್ಲಾ ಸರಿಹೋಗುತ್ತದೆ' ಅಂತಾರಲ್ಲ, ಹಾಗಿಲ್ಲ. ನಮ್ಮಲ್ಲಿ ಪಿಡಿಬಿ ಫಾರ್ಮ್ಯಾಟ್ ದಶಕಗಳಿಂದ ಇದೆ. ಅದರಲ್ಲಿ ಬಿ-ಫ್ಯಾಕ್ಟರ್ ಅಂತ ಒಂದು ಕಾಲಂ. ಕ್ರಿಸ್ಟಲ್ ಸ್ಟ್ರಕ್ಚರ್‌ನಲ್ಲಿ ಆ ಸಂಖ್ಯೆ ಹೆಚ್ಚಿದ್ದರೆ ಆ ಪರಮಾಣುವಿನ ಜಾಗ ಅಷ್ಟು ಖಚಿತವಲ್ಲ ಎಂದರ್ಥ. 2021ರಲ್ಲಿ, ಕಂಪ್ಯೂಟರ್ ಊಹಿಸಿದ ಸ್ಟ್ರಕ್ಚರ್‌ಗಳ ಆಲ್ಫಾಫೋಲ್ಡ್ ಡೇಟಾಬೇಸ್ ಬಂತು. ಅದರ ಫೈಲ್‌ಗಳಲ್ಲಿ ಅದೇ ಕಾಲಂನಲ್ಲಿ ಪಿಎಲ್‌ಡಿಡಿಟಿ ಅಂಕ ಕೂತಿದೆ. 0ಯಿಂದ 100, ಹೆಚ್ಚಿದ್ದಷ್ಟೂ ನಂಬಿಕೆ ಜಾಸ್ತಿ. ಪೂರ್ತಿ ಉಲ್ಟಾ! ಫೈಲ್ ಎಲ್ಲಾ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತದೆ. ಬಣ್ಣ ಹಾಕಿದರೆ ಅತಿ ಗಟ್ಟಿಯಾದ ಭಾಗ ಅತಿ ಸಡಿಲ ಎಂದು ಕಾಣುತ್ತದೆ. ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್‌ಗೆ (ಇರುವ ಮಾದರಿ ಬಳಸಿ ಹೊಸ ಕ್ರಿಸ್ಟಲ್ ಸ್ಟ್ರಕ್ಚರ್ ಬಿಡಿಸುವ ವಿಧಾನ) ಹಾಕುವ ಮೊದಲು ಆ ಅಂಕಗಳನ್ನು ಬಿ-ಫ್ಯಾಕ್ಟರ್‌ಗೆ ಬದಲಾಯಿಸಲೇಬೇಕು. ಫೀನಿಕ್ಸ್‌ನಲ್ಲಿ ಅದಕ್ಕೇ ಒಂದು ಟೂಲ್ ಇದೆ.

ಪಿಡಿಬಿ ಫಾರ್ಮ್ಯಾಟ್‌ನಲ್ಲಿ 99,999ಕ್ಕಿಂತ ಹೆಚ್ಚು ಪರಮಾಣು ಹಿಡಿಸುವುದೂ ಇಲ್ಲ. ರೈಬೋಸೋಮ್ ಮಾಡುವವರಿಗೆ ಹಿಂದೆ ಒಂದು ಸ್ಟ್ರಕ್ಚರ್ ಅನ್ನು ತುಂಡು ಮಾಡಿ ಹಲವು ಫೈಲ್‌ಗಳಲ್ಲಿ ಇಡಬೇಕಿತ್ತು. ಈಗ ಎಂಎಂಸಿಐಎಫ್ ಇದೆ, 2019ರಿಂದ ಕ್ರಿಸ್ಟಲೋಗ್ರಫಿ ಸ್ಟ್ರಕ್ಚರ್ ಸಲ್ಲಿಸುವುದಕ್ಕೆ ಅದೇ ಕಡ್ಡಾಯ. ಆದರೂ ಹಳೇ ಟೂಲ್‌ಗಳು ಪಿಡಿಬಿಯನ್ನೇ ಕೇಳುತ್ತವೆ.

ಸೊನ್ನೆಯಿಂದ_ಎಣಿಸು

ಸ್ಯಾಮ್ ಫೈಲ್‌ನ (ಬ್ಯಾಮ್‌ನದೇ ಪಠ್ಯ ರೂಪ) ಐದನೇ ಕಾಲಂ ಕೂಡ ಹೀಗೇ. ಮ್ಯಾಪಿಂಗ್ ಕ್ವಾಲಿಟಿ, ಅಂದರೆ ರೀಡ್ ಸರಿಯಾದ ಜಾಗದಲ್ಲಿ ಕೂತಿದೆ ಎಂಬ ನಂಬಿಕೆಯ ಅಂಕ. ಸ್ಪೆಸಿಫಿಕೇಶನ್‌ನಲ್ಲಿ 255 ಎಂದರೆ 'ಗೊತ್ತಿಲ್ಲ'. ಸ್ಟಾರ್ ಅಲೈನರ್ ಬರೆಯುವ 255 ಎಂದರೆ 'ಒಂದೇ ಕಡೆ ಕೂತಿದೆ, ಅತ್ಯುತ್ತಮ'. ಹೈಸ್ಯಾಟ್2ರಲ್ಲಿ ಅತ್ಯುತ್ತಮ ಎಂದರೆ 60, ಬೋಟೈ2ರಲ್ಲಿ ಸಾಮಾನ್ಯವಾಗಿ 42. ಹಿಂದೆ ಸೇರಿನ ಅಳತೆ ಊರಿಂದ ಊರಿಗೆ ಬೇರೆ ಇರುತ್ತಿತ್ತಲ್ಲ, ಹಾಗೆ. 50ಕ್ಕಿಂತ ಕಡಿಮೆ ಇದ್ದದ್ದನ್ನು ತೆಗೆದುಹಾಕು ಎಂದು ಬೋಟೈ2ರ ಫೈಲ್‌ಗೆ ಹೇಳಿದರೆ ಒಂದು ರೀಡೂ ಉಳಿಯುವುದಿಲ್ಲ. ಸ್ಟಾರ್‌ನ ಬ್ಯಾಮ್ ಅನ್ನು ಮ್ಯುಟೇಶನ್ ಹುಡುಕುವ ಜಿಎಟಿಕೆಗೆ ಕೊಡುವಾಗಲೂ ಈ 255ರ ತೊಡಕು ಬರುತ್ತದೆ, ಅದನ್ನು 60 ಮಾಡಿಕೊಳ್ಳಬೇಕು. ಸ್ಟಾರ್‌ನಲ್ಲೇ ಆ ಸಂಖ್ಯೆ ಬದಲಾಯಿಸುವ ಆಯ್ಕೆ ಇದೆ.

ಕೋಶದೊಳಗೆ

ಸಿಂಗಲ್-ಸೆಲ್‌ಗೆ (ಒಂದೊಂದು ಕೋಶದ ಆರ್‌ಎನ್‌ಎ ಬೇರೆಯಾಗಿ ಎಣಿಸುವುದು) ಬನ್ನಿ, ಈ ತೊಡಕು ಹತ್ತರಷ್ಟಿದೆ. ಆರ್‌ನ ಸ್ಯೂರಾದಲ್ಲಿ ಜೀನ್‌ಗಳು ಸಾಲಿನಲ್ಲಿ, ಕೋಶಗಳು ಕಾಲಂನಲ್ಲಿ. ಪೈಥಾನ್‌ನ ಸ್ಕ್ಯಾನ್‌ಪೈ ಬಳಸುವ ಆನ್‌ಡೇಟಾದಲ್ಲಿ ಕೋಶಗಳು ಸಾಲಿನಲ್ಲಿ, ಜೀನ್‌ಗಳು ಕಾಲಂನಲ್ಲಿ. ತಿರುಗಿಸುವುದು ಕಷ್ಟವಲ್ಲ. ಕಷ್ಟ ಇರುವುದು ಒಳಗೆ ಯಾವ ಸಂಖ್ಯೆ ಇದೆ ಎನ್ನುವುದರಲ್ಲಿ. ಆನ್‌ಡೇಟಾದ ಮುಖ್ಯ ಟೇಬಲ್‌ನಲ್ಲಿ ಒಬ್ಬರು ಕಚ್ಚಾ ಎಣಿಕೆ ಇಟ್ಟಿರುತ್ತಾರೆ, ಇನ್ನೊಬ್ಬರು ನಾರ್ಮಲೈಸ್ ಮಾಡಿ ಲಾಗ್ ತೆಗೆದದ್ದನ್ನು. ಕನ್ವರ್ಟರ್‌ಗೆ ಅದು ಗೊತ್ತಾಗುವುದಿಲ್ಲ. ಲಾಗ್ ಆದದ್ದಕ್ಕೆ ಇನ್ನೊಮ್ಮೆ ಲಾಗ್ ತೆಗೆದು ಪ್ರಕಟಿಸಿದರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ.

ನಾನು ಮಾಡುವುದು ಇಷ್ಟೇ: ಬದಲಾಯಿಸಿದ ತಕ್ಷಣ ಗರಿಷ್ಠ ಮೌಲ್ಯ ನೋಡುತ್ತೇನೆ, ಎಲ್ಲಾ ಪೂರ್ಣಾಂಕಗಳೇ ಎಂದು ನೋಡುತ್ತೇನೆ, ಒಂದು ಪರಿಚಿತ ಜೀನ್‌ನ ಒಟ್ಟು ಮೊತ್ತವನ್ನು ಎರಡೂ ಕಡೆ ತೆಗೆದು ಹೋಲಿಸುತ್ತೇನೆ. ಸ್ಯೂರಾ 5 ಬಂದ ಮೇಲೆ ಒಳಗಿನ ರಚನೆಯೂ ಬದಲಾಯಿತು, 'ಸ್ಲಾಟ್' ಹೋಗಿ 'ಲೇಯರ್' ಬಂತು. ಹಳೇ ಕನ್ವರ್ಟರ್‌ಗಳು ಎಷ್ಟೋ ಕಡೆ ನಿಂತುಹೋದವು. ನಾನೀಗ ಬಯೋಕಂಡಕ್ಟರ್‌ನ ಜೆಲ್‌ಕನ್ವರ್ಟರ್ ಮೂಲಕ ಹೋಗುತ್ತೇನೆ.

ಬೆಂಚು_ಕೆಲಸ

ನಾನು ಪಿಪೆಟ್ ಹಿಡಿಯುವವನು, ಕೋಡ್ ಬರುವುದಿಲ್ಲ. ನಮಗೆ ಕೊನೆಗೆ ಬೇಕಾಗುವುದು ಒಂದು ಎಕ್ಸೆಲ್ ಶೀಟ್. ಅದನ್ನೂ ಬೇಡ ಅಂತೀರಾ?

ಮಲೆನಾಡ_ಜೀವಿ

ನೋಡುವುದಕ್ಕೆ ಬೇಡ ಅನ್ನುವುದಿಲ್ಲ, ತೆರೆದು ಮತ್ತೆ ಉಳಿಸುವುದು ಬೇಡ. ಸೆಪ್ಟ್1, ಮಾರ್ಚ್1 ಎಂಬ ಜೀನ್ ಹೆಸರುಗಳನ್ನು ಎಕ್ಸೆಲ್ ತಾರೀಖು ಮಾಡುತ್ತದೆ. 2016ರಲ್ಲಿ ಜೀನೋಮ್ ಬಯಾಲಜಿಯಲ್ಲಿ ಬಂದ ಸಮೀಕ್ಷೆಯಲ್ಲಿ, ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಇತ್ತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಸೆಪ್ಟಿನ್1, ಮಾರ್ಚ್‌ಎಫ್1 ಎಂದು ಬದಲಾಯಿಸಿದರು. 2023ರಲ್ಲಿ ಮೈಕ್ರೋಸಾಫ್ಟ್ ಈ ಪರಿವರ್ತನೆ ನಿಲ್ಲಿಸುವ ಆಯ್ಕೆ ಕೊಟ್ಟಿತು.

ಬೆಂಚು_ಕೆಲಸ

ಅಂದರೆ ಮನುಷ್ಯನ ಜೀನ್ ಹೆಸರು ಬದಲಾಯಿಸುವುದು ಸಾಫ್ಟ್‌ವೇರ್ ಬದಲಾಯಿಸುವುದಕ್ಕಿಂತ ಸುಲಭ ಆಯಿತಾ! ಸರಿ, ಆದರೆ ನಮ್ಮಂಥವರನ್ನು ದೂರ ಇಡಬೇಡಿ. ಕುಂಡದಲ್ಲಿ ಯಾವ ಗಿಡ ಬಾಡಿತ್ತು, ಯಾವ ಟ್ಯೂಬ್‌ನಲ್ಲಿ ಆರ್‌ಎನ್‌ಎ ಕೆಟ್ಟಿತ್ತು ಎಂದು ಗೊತ್ತಿರುವುದು ನಮಗೆ. ಆ ಮಾಹಿತಿ ನಿಮ್ಮ ಟೂಲ್‌ಗಳಿಗೆ ಹೋಗುವುದು ನಾವು ಬರೆದ ಶೀಟ್‌ನಿಂದಲೇ.

ಬದುವಿನ_ಹುಲ್ಲು

ಇದು ಮುಖ್ಯವಾದ ಮಾತು. @ರಾಗಿ_ತೆನೆ, ನಿಮ್ಮ ತಳಿ ಯಾವುವು? ಸ್ಯಾಂಪಲ್ ಹೆಸರು ಹೇಗೆ ಇಟ್ಟಿದ್ದೀರಿ?

ರಾಗಿ_ತೆನೆ

ಎಂಎಲ್-365 ಮತ್ತು ಜಿಪಿಯು-28. ಸ್ಯಾಂಪಲ್ ಹೆಸರು ಜಿಪಿಯು-28-ಡಿ-1, ಜಿಪಿಯು-28-ಡಿ-2 ಹೀಗೆ.

ಬದುವಿನ_ಹುಲ್ಲು

ಅಡ್ಡಗೆರೆ ತೆಗೆದು ಕೆಳಗೆರೆ ಹಾಕಿ. ಆರ್‌ನಲ್ಲಿ ಟೇಬಲ್ ಓದಿದಾಗ ಕಾಲಂ ಹೆಸರಿನ ಅಡ್ಡಗೆರೆಗಳೆಲ್ಲ ಚುಕ್ಕಿ ಆಗುತ್ತವೆ. ಹೆಸರು ಅಂಕೆಯಿಂದ ಶುರುವಾದರೆ ಮುಂದೆ ಎಕ್ಸ್ ಸೇರುತ್ತದೆ. ಆಮೇಲೆ ಸ್ಯಾಂಪಲ್ ಶೀಟ್‌ನ ಹೆಸರೂ ಎಣಿಕೆ ಟೇಬಲ್‌ನ ಹೆಸರೂ ಹೊಂದುವುದಿಲ್ಲ. ಹೊಂದುವುದಿಲ್ಲ ಎಂದು ಹೆಸರುಗಳನ್ನೇ ಕಿತ್ತುಹಾಕಿದರೆ ಡಿಇಸೀಕ್2 ಕ್ರಮವನ್ನು ಮಾತ್ರ ನಂಬುತ್ತದೆ. ಕ್ರಮ ತಪ್ಪಿದ್ದರೆ ಬರದ ಗಿಡ ನೀರಿನ ಗಿಡ ಆಗಿಬಿಡುತ್ತದೆ. ಹತ್ತಕ್ಕಿಂತ ಹೆಚ್ಚು ಇದ್ದರೆ 01, 02 ಎಂದೇ ಬರೆಯಿರಿ, ಇಲ್ಲದಿದ್ದರೆ ಫೈಲ್ ಪಟ್ಟಿಯಲ್ಲಿ 1ರ ಪಕ್ಕದಲ್ಲಿ 10 ಬಂದು ಕೂರುತ್ತದೆ.

ತಳಿ ಆಯ್ಕೆ ಚೆನ್ನಾಗಿದೆ. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಜೀನೋಮ್ ಪ್ರಕಟಿಸಿದ್ದು ಎಂಎಲ್-365ರದ್ದೇ.

ಬೆಂಚು_ಕೆಲಸ

ನಮ್ಮ ಹೊಲದಲ್ಲಿ ಹಾಕುವುದು ಜಿಪಿಯು-28. ಬೆಂಕಿ ರೋಗ ತಡೆಯುತ್ತದೆ ಅಂತ ಅಪ್ಪ ಬೇರೆ ಯಾವುದಕ್ಕೂ ಒಪ್ಪುವುದಿಲ್ಲ. ಮುದ್ದೆಗೂ ಚೆನ್ನಾಗಿದೆ.

ತೂಕದ_ಯಂತ್ರ

ಮಾಸ್ ಸ್ಪೆಕ್ (ಅಣುಗಳ ತೂಕ ಅಳೆಯುವ ತಂತ್ರ) ಕಡೆಯಿಂದ ಒಂದು ಮಾತು. ನಮ್ಮಲ್ಲಿ ಒಂದೊಂದು ಕಂಪನಿಯ ಯಂತ್ರಕ್ಕೂ ಅದರದ್ದೇ ಮುಚ್ಚಿದ ಫಾರ್ಮ್ಯಾಟ್. ಮೊದಲು ಎಂಝಡ್‌ಎಕ್ಸ್‌ಎಂಎಲ್, ಎಂಝಡ್‌ಡೇಟಾ ಅಂತ ಎರಡು ಮುಕ್ತ ಫಾರ್ಮ್ಯಾಟ್ ಇದ್ದವು, 2008ರಲ್ಲಿ ಎರಡನ್ನೂ ಸೇರಿಸಿ ಎಂಝಡ್‌ಎಂಎಲ್ ಮಾಡಿದರು. ಅದರಿಂದ ನಿಜವಾಗಿ ಉಪಯೋಗ ಆಗಿದೆ. ಹಾಗಾಗಿ ಸ್ಟ್ಯಾಂಡರ್ಡ್‌ನಿಂದ ಏನೂ ಪ್ರಯೋಜನ ಇಲ್ಲ ಎನ್ನುವವರ ಜೊತೆ ನಾನಿಲ್ಲ. ಪ್ರೋಟಿಯೋವಿಝರ್‌ನ ಎಂಎಸ್‌ಕನ್ವರ್ಟ್‌ನಲ್ಲಿ ಬದಲಾಯಿಸುವಾಗ ಪೀಕ್ ಪಿಕಿಂಗ್ (ಸಿಗ್ನಲ್‌ನ ಶಿಖರಗಳನ್ನು ಆರಿಸುವ) ಫಿಲ್ಟರ್ ಎಲ್ಲಕ್ಕಿಂತ ಮೊದಲು ಇರಬೇಕು. ಬೇರೆ ಫಿಲ್ಟರ್ ಮುಂದೆ ಬಂದರೆ ಕಂಪನಿಯವರ ಸ್ವಂತ ಪೀಕ್ ಪಿಕಿಂಗ್ ಕೆಲಸ ಮಾಡುವುದಿಲ್ಲ.

ಹೊರನಾಡ_ಕೋಡು

ನಾನು ಇಂಥ ಒಂದು ಟೂಲ್ ನೋಡಿಕೊಳ್ಳುವ ತಂಡದಲ್ಲಿದ್ದೇನೆ, ಸದ್ಯ ಜರ್ಮನಿಯಲ್ಲಿ. ಬರೆಯುವವರ ಕಡೆಯಿಂದಲೂ ನೋಡಿ. ಹೊಸ ಟೂಲ್ ಮಾಡಿದರೆ ಪ್ರಬಂಧ ಆಗುತ್ತದೆ, ಅನುದಾನ ಸಿಗುತ್ತದೆ. ಹಳೇ ಟೂಲ್‌ಗೆ 'ನಿಮ್ಮ ವರ್ಣತಂತು ಹೆಸರುಗಳು ಹೊಂದುತ್ತಿಲ್ಲ' ಎಂದು ಒಂದು ಸ್ಪಷ್ಟ ಎಚ್ಚರಿಕೆ ಸೇರಿಸುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಬರೆದ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೋಗುತ್ತಾನೆ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿಗೆ ಮುಗಿಯಿತು, ಆ ಟೂಲ್‌ಗಳಲ್ಲಿ ಎಷ್ಟೋ ಇನ್ನೂ ಅಲ್ಲೇ ನಿಂತಿವೆ.

ಎರರ್ ಕೊಟ್ಟು ನಿಲ್ಲುವ ಟೂಲ್ ಕೆಟ್ಟದ್ದು ಎಂದು ಬಳಸುವವರು ದೂರುತ್ತಾರೆ. ನನಗೆ ಭಯ ಇರುವುದು ನಿಲ್ಲದೆ ಮುಂದೆ ಹೋಗುವ ಟೂಲ್ ಬಗ್ಗೆ. ಇಲ್ಲಿ ಮೇಲೆ ಬಂದ ಉದಾಹರಣೆಗಳಲ್ಲಿ ಹೆಚ್ಚಿನವುಗಳಲ್ಲಿ ಎರರ್ ಬಂದೇ ಇಲ್ಲ. ದಯವಿಟ್ಟು ಇಂಥದ್ದು ಕಂಡಾಗ ಗಿಟ್‌ಹಬ್‌ನಲ್ಲಿ ಇಶ್ಯೂ ಬರೆಯಿರಿ. ಚಿಕ್ಕ ಉದಾಹರಣೆ ಫೈಲ್ ಜೊತೆಗಿರಲಿ. ನಾವು ಓದುತ್ತೇವೆ.

ಪೈಪ್‌ಲೈನ್_ಪ್ರಿಯ

ಇನ್‌ಸ್ಟಾಲ್ ಮಾಡುವುದರ ಬಗ್ಗೆ ಯಾರೂ ಹೇಳಲಿಲ್ಲ. ಬಯಾಲಜಿ ಟೂಲ್‌ಗಳ ಸಂಗ್ರಹವಾದ ಬಯೋಕೋಂಡಾ ಬಳಸುತ್ತಿದ್ದರೆ ಚಾನೆಲ್ (ಪ್ಯಾಕೇಜ್ ಇಳಿಸುವ ಜಾಗ) ಕ್ರಮ ಸರಿ ಇಡಿ, ಕೋಂಡಾ-ಫೋರ್ಜ್ ಮೇಲೆ, ಬಯೋಕೋಂಡಾ ಅದರ ಕೆಳಗೆ, ಪ್ರಯಾರಿಟಿ 'ಸ್ಟ್ರಿಕ್ಟ್'. ಕ್ರಮ ತಪ್ಪಿದರೆ ಸ್ಯಾಮ್‌ಟೂಲ್ಸ್ ಇನ್‌ಸ್ಟಾಲ್ ಆಗುತ್ತದೆ, ಓಡಿಸಿದರೆ ಲಿಬ್‌ಕ್ರಿಪ್ಟೊ ಸಿಗಲಿಲ್ಲ ಎನ್ನುತ್ತದೆ. ಈ ಎರರ್ ನೋಡದವರು ಯಾರಿದ್ದಾರೆ? ಎಲ್ಲಾ ಟೂಲ್‌ಗಳನ್ನೂ ಒಂದೇ ಎನ್ವಿರಾನ್‌ಮೆಂಟ್‌ಗೆ ತುಂಬಬೇಡಿ, ಹಂತಕ್ಕೊಂದು ಮಾಡಿ. ಕಂಟೇನರ್ ಓಡಿಸುವುದಕ್ಕೆ ಕ್ಲಸ್ಟರ್‌ಗಳಲ್ಲಿ ಡಾಕರ್‌ಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಅಪ್ಟೇನರ್ ಬಳಸಿ. ಹಳೇ ಹೆಸರು ಸಿಂಗ್ಯುಲಾರಿಟಿ. ಕಂಟೇನರ್ ಆವೃತ್ತಿಗೆ 'ಲೇಟೆಸ್ಟ್' ಎಂದು ಮಾತ್ರ ಬರೆಯಬೇಡಿ, ಸಂಖ್ಯೆ ಬರೆಯಿರಿ.

ಕಪ್ಪು_ಪರದೆ

ಇದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ.

ಹೊಸ_ಮೊಳಕೆ

ಬಿಎಸ್‌ಸಿ ಕೊನೆಯ ವರ್ಷದವನು ನಾನು. ಇಷ್ಟೆಲ್ಲ ಕಲಿಯುವುದು ಎಲ್ಲಿಂದ ಶುರು ಮಾಡಲಿ? ಕನ್ನಡದಲ್ಲಿ ಏನಾದರೂ ಇದೆಯಾ?

ನಕ್ಷತ್ರ_ಪಥ

ಗ್ಯಾಲಕ್ಸಿ ಟ್ರೇನಿಂಗ್ ನೆಟ್‌ವರ್ಕ್‌ನ ಪಾಠಗಳಿಂದ ಶುರು ಮಾಡಪ್ಪ. ಇಂಗ್ಲಿಷ್‌ನಲ್ಲಿವೆ, ಆದರೆ ಚಿತ್ರಗಳ ಜೊತೆ ಹಂತ ಹಂತವಾಗಿ ಇವೆ. ಕನ್ನಡದಲ್ಲಿ ಇಂಥ ಚರ್ಚೆಗಳನ್ನೇ ಒಂದು ಕಡೆ ಸೇರಿಸಿ ಇಡೋಣ, ನಾನು ಸ್ಯಾಮ್, ಬ್ಯಾಮ್ ಫೈಲ್‌ಗಳ ಭಾಗ ಬರೆಯುತ್ತೇನೆ.

ಸೊನ್ನೆಯಿಂದ_ಎಣಿಸು

ಬೆಡ್ ಮತ್ತು ಜಿಎಫ್‌ಎಫ್ ನನಗಿರಲಿ.

ರಾಗಿ_ತೆನೆ

ಮತ್ತೆ ಬಂದೆ. ಕಿಟ್ ವಿಚಾರಿಸಿದೆ, ಡಿಯುಟಿಪಿ ವಿಧಾನದ್ದೇ. ಸ್ಟ್ರಾಂಡ್ 2 ಕೊಟ್ಟು, 'ಕೌಂಟ್ ರೀಡ್ ಪೇರ್ಸ್' ಸೇರಿಸಿ ಒಮ್ಮೆ, ಸ್ಯಾಲ್ಮನ್‌ನಲ್ಲಿ ಒಮ್ಮೆ ಓಡಿಸಿದೆ. ಎರಡರ ಒಲವೂ ಒಂದೇ ಕಡೆ ಇದೆ. ಎ-ಬಿ ಜೋಡಿ ಜೀನ್‌ಗಳಲ್ಲಿ ಮಾತ್ರ ವ್ಯತ್ಯಾಸ, ಅಲ್ಲಿ ಸ್ಯಾಲ್ಮನ್‌ನದ್ದು ಜಾಸ್ತಿ. ಸ್ಯಾಂಪಲ್‌ಗಳ ಹೋಲಿಕೆ ತೋರಿಸುವ ಪಿಸಿಎ ಚಿತ್ರದಲ್ಲಿ ತಳಿಗಳು ಒಂದು ದಿಕ್ಕಿಗೆ, ನೀರು ಮತ್ತು ಬರ ಇನ್ನೊಂದು ದಿಕ್ಕಿಗೆ ಬೇರೆಯಾಗಿವೆ. ಸದ್ಯಕ್ಕೆ ಬ್ಯಾಶ್‌ನಲ್ಲೇ ಮುಗಿಸಿ, ಎರಡನೇ ಹಂತದ ಸ್ಯಾಂಪಲ್‌ಗಳಿಗೆ ಸ್ನೇಕ್‌ಮೇಕ್ ಮಾಡುತ್ತೇನೆ.

ಕೊನೆಯ ಪ್ರಶ್ನೆ. ಪ್ರಬಂಧದ ವಿಧಾನ ಭಾಗದಲ್ಲಿ ಇದನ್ನೆಲ್ಲ ಎಷ್ಟು ಬರೆಯಬೇಕು?

ಮಲೆನಾಡ_ಜೀವಿ

ಪ್ರತಿ ಟೂಲ್‌ನ ಆವೃತ್ತಿ, ಮಾಮೂಲಿ ಅಲ್ಲದ ಪ್ರತಿ ಆಯ್ಕೆ, ಅಸೆಂಬ್ಲಿಯ ಅಕ್ಸೆಶನ್, ಅನೋಟೇಶನ್ ಎಲ್ಲಿಂದ ತಂದಿರಿ, ಯಾವ ಬಿಡುಗಡೆ. ಸ್ಕ್ರಿಪ್ಟ್ ಮತ್ತು ಅಡ್ಡಹೆಸರಿನ ಫೈಲ್ ಝೆನೋಡೊ ಎಂಬ ಮುಕ್ತ ಸಂಗ್ರಹದಲ್ಲಿ ಹಾಕಿ ಡಿಒಐ (ಶಾಶ್ವತ ಗುರುತು) ಪಡೆಯಿರಿ. ಸರ್ಕಾರಿ ಅನುದಾನ ಆಗಿದ್ದರೆ ಡೇಟಾ ಹಂಚಿಕೆಯ ಬಯೋಟೆಕ್-ಪ್ರೈಡ್ ಮಾರ್ಗಸೂಚಿಯನ್ನೂ ನೋಡಿ, 2021ರದ್ದು. ಕಚ್ಚಾ ಡೇಟಾವನ್ನು ಫರೀದಾಬಾದ್‌ನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್‌ಗೆ ಕೊಡಬಹುದು. ಅಲ್ಲಿ ಮೆಟಾಡೇಟಾ ಶೀಟ್ ತುಂಬುವುದಕ್ಕೆ ಕುಂಡದ ವಿವರ ಎಲ್ಲಾ ಬೇಕು, ಈಗಲೇ ಬರೆದಿಟ್ಟುಕೊಳ್ಳಿ.

ಬದುವಿನ_ಹುಲ್ಲು

ಝೆನೋಡೊಗೆ ಹಾಕಿದ ಮೇಲೆ ಲಿಂಕ್ ಇಲ್ಲೂ ಕೊಡಿ. ಇದೇ ಅಸೆಂಬ್ಲಿ ಮೇಲೆ ನನ್ನ ಇಬ್ಬರು ವಿದ್ಯಾರ್ಥಿಗಳು ಮುಂದಿನ ತಿಂಗಳು ಶುರು ಮಾಡುತ್ತಿದ್ದಾರೆ.